ರೋಮಾಪುರವೂ ದೋರಸಮುದ್ರವೂ ಬಿದ್ದದ್ದು ಯಾಕೆ?



ಸುಗ್ಗಿಯ ಕೆಲಸ ಮುಗಿದು ತುಸು ಬಿಡುವು ದೊರಕಿದ ದಿನಗಳಲ್ಲಿ, ನಮ್ಮ ಹಾನುಬಾಳು ಸೀಮೆಯ ಕೆಲವು ಮಂದಿ ಯೌವನಸ್ಥರು ಬೇಲೂರು ಹಳೇಬೀಡುಗಳನ್ನು ನೋಡಿ ಬಂದರು. ಅವರ ಸಂಗಡ ನೆರೆಮನೆಯ ವೃದ್ಧರಾದ ಗೌಡರೊಬ್ಬರೂ ಹೋಗಿದ್ದರು. ಸಂಜೆಗೆ ಎಲ್ಲರೂ ನಮ್ಮ ಜಗಲಿಯಲ್ಲಿ ಕೂತು ಕಂಡದ್ದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗನು, "ಉಪದೇಶಿಗಳೇ, ಅಷ್ಟು ದೊಡ್ಡ ಅರಸರ ರಾಜಧಾನಿ ಈಗ ಸಣ್ಣ ಊರಾಗಿ ಹೋಗಿದೆ. ಅದು ವಿಗ್ರಹಾರಾಧನೆಗೆ ದೇವರು ಕೊಟ್ಟ ಶಿಕ್ಷೆಯಲ್ಲವೇ?" ಎಂದು ಕೇಳಿದನು. ಗೌಡರು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನೆಲವನ್ನು ನೋಡಿ, ತಮ್ಮ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು.

ಆಗ ನಮಗೆ ಬಹಳ ನಾಚಿಕೆಯಾಯಿತು. ಯಾಕಂದರೆ ಆ ಮಾತನ್ನು ಆ ಹುಡುಗನು ಬೇರೆ ಎಲ್ಲಿಯೂ ಕಲಿಯಲಿಲ್ಲ, ನಮ್ಮಿಂದಲೇ ಕಲಿತನು. ನಾವು ವೇದಪಾಠಶಾಲೆಯನ್ನು ಬಿಟ್ಟು ಈ ಸೀಮೆಗೆ ಹೊಸದಾಗಿ ಬಂದಾಗ, ಆದಿತ್ಯವಾರದ ಶಾಲೆಯಲ್ಲಿ ಮಕ್ಕಳಿಗೆ ಹಾಗೆಯೇ ಬೋಧಿಸಿದ್ದೆವು. ಆ ಕಾಲದಲ್ಲಿ ನಮಗೆ ಉತ್ಸಾಹವು ಹೆಚ್ಚಾಗಿಯೂ ವಿಚಾರವು ಕಡಿಮೆಯಾಗಿಯೂ ಇತ್ತು. ನಾವು ಬಿತ್ತಿದ ಬೀಜವು ನಮ್ಮ ಕಣ್ಣೆದುರಿಗೇ ತೆನೆಯಾಗಿ ಬಂದದ್ದನ್ನು ಕಂಡು, ರಾಜ್ಯಗಳು ಬೀಳುವದು ಯಾಕೆ ಎಂಬದನ್ನು ನಾವು ಮತ್ತೊಮ್ಮೆ ವಿಚಾರಿಸಬೇಕಾಯಿತು. ಆ ವಿಚಾರವನ್ನೇ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ರೋಮಾಪುರದ ಸಂಗತಿಯನ್ನು ನೋಡೋಣ. ಆ ಹೆಸರು ನಿಮಗೆ ಹೊಸದಲ್ಲ. ಕೈಸರ ಔಗುಸ್ತನ ಖಾನೇಷುಮಾರಿಯ ಕಥೆಯನ್ನೂ, ಪೌಲನು ಕೈಸರನಿಗೆ ಮೊರೆಯಿಟ್ಟು ಹಡಗು ಹತ್ತಿದ ವೃತ್ತಾಂತವನ್ನೂ ನೀವು ಓದಿದ್ದೀರಿ. ಆ ಚಕ್ರಾಧಿಪತ್ಯವು ಮೊದಲು ಸಭೆಯನ್ನು ಹಿಂಸಿಸಿತೆಂಬದು ನಿಜ. ಆದರೆ 313 ರಲ್ಲಿ ಕೈಸರ ಕೊನ್‌ಸ್ತಂತೀನನು ಕ್ರೈಸ್ತರಿಗೆ ಬಿಡುಗಡೆ ಕೊಟ್ಟನು. 380 ರಲ್ಲಿ ಕೈಸರ ಥಿಯೊದೋಸಿಯನು ಕ್ರೈಸ್ತ ಮತವನ್ನೇ ರಾಜ್ಯದ ಮತವಾಗಿ ಸ್ಥಾಪಿಸಿದನು. ಹಳೆಯ ದೇವಾಲಯಗಳ ಬಾಗಿಲುಗಳು ಮುಚ್ಚಲ್ಪಟ್ಟವು. ಹೀಗೆ ಆದ ಮೂವತ್ತು ವರುಷಗಳ ಮೇಲೆ, ಅಂದರೆ 410 ರಲ್ಲಿ, ಗೊಥರ ಅರಸನಾದ ಅಲಾರಿಕನು ರೋಮಾಪುರವನ್ನು ಹೊಕ್ಕು ಮೂರು ದಿನ ಸೂರೆಮಾಡಿದನು. ಎಂಟು ನೂರು ವರುಷಗಳಿಂದ ಯಾವ ಪರದೇಶದ ಶತ್ರುವೂ ಒಳಗೆ ಕಾಲಿಡದ ಪಟ್ಟಣವು ಅದು. ಇನ್ನೂ ಆಶ್ಚರ್ಯವೇನಂದರೆ, ಆ ಅಲಾರಿಕನು ತಾನೂ ಕ್ರಿಸ್ತನ ಹೆಸರನ್ನು ಹೇಳುವವನೇ ಆಗಿದ್ದನು.

ಆಗ ಹಳೆಯ ಮತದವರು ಏನು ಹೇಳಿದರು? "ನಮ್ಮ ಪೂರ್ವಿಕರ ದೇವತೆಗಳನ್ನು ನೀವು ಬಿಡಿಸಿದಿರಿ, ಆದದರಿಂದ ಪಟ್ಟಣವು ಹಾಳಾಯಿತು" ಎಂದರು. ನೋಡಿರಿ, ನಮ್ಮ ಹುಡುಗನು ಹಳೇಬೀಡಿನ ವಿಷಯದಲ್ಲಿ ಹೇಳಿದ ಮಾತೂ ಇದೂ ಒಂದೇ. ಕತ್ತಿಯ ಹಿಡಿ ಬೇರೆಯವರ ಕೈಯಲ್ಲಿತ್ತು, ಅಷ್ಟೇ. ಆ ಮಾತಿಗೆ ಉತ್ತರವಾಗಿ ಆಫ್ರಿಕ ಸೀಮೆಯ ಹಿಪ್ಪೋ ಪಟ್ಟಣದ ಸಭಾಧ್ಯಕ್ಷನಾದ ಆಗಸ್ತೀನನು 'ದೇವರ ಪಟ್ಟಣ' ಎಂಬ ದೊಡ್ಡ ಗ್ರಂಥವನ್ನು 413 ರಲ್ಲಿ ಆರಂಭಿಸಿ, 426 ರ ಸುಮಾರಿಗೆ ಮುಗಿಸಿದನು. ಹಳೆಯ ದೇವತೆಗಳನ್ನು ಪೂಜಿಸುತ್ತಿದ್ದ ಕಾಲದಲ್ಲಿಯೂ ರೋಮಾಯರಿಗೆ ಸೋಲುಗಳೂ ಕೇಡುಗಳೂ ಬಂದಿದ್ದವೆಂದು ಅವನು ತೋರಿಸಿದನು. ಸುಖದುಃಖಗಳು ಒಳ್ಳೆಯವರಿಗೂ ಕೆಟ್ಟವರಿಗೂ ಕೂಡಿಯೇ ಬರುತ್ತವೆಂದೂ, ಭೂಮಿಯ ಮೇಲಣ ಯಾವ ರಾಜ್ಯವನ್ನಾದರೂ ದೇವರ ರಾಜ್ಯವೆಂದು ತಿಳಿಯಕೂಡದೆಂದೂ ಬರೆದನು. ಅವನು 430 ರಲ್ಲಿ ಸಾಯುವಾಗ ವಂದಾಲರೆಂಬವರು ಅವನ ಪಟ್ಟಣವನ್ನೇ ಮುತ್ತಿದ್ದರು. ಹಾಗಾದರೆ ಅವನು ತನ್ನ ಪಾಪಕ್ಕಾಗಿ ಹಾಗೆ ಸತ್ತನೆಂದು ನಮ್ಮಲ್ಲಿ ಯಾರಾದರೂ ಹೇಳುವರೋ?

ಆದಕಾರಣ ಈ ಮೊದಲನೆಯ ಪಾಠವನ್ನು ದೃಢವಾಗಿ ಹಿಡಿಯೋಣ. ಹಳೇಬೀಡು ಬಿದ್ದದ್ದನ್ನು ತೋರಿಸಿ ನೆರೆಯವನ ಬಾಯಿ ಮುಚ್ಚಿಸಿದರೆ, ಅವನು ರೋಮಾಪುರ ಬಿದ್ದದ್ದನ್ನು ತೋರಿಸಿ ನಮ್ಮ ಬಾಯಿ ಮುಚ್ಚಿಸಬಹುದು. ನಮಗೆ ಒಂದು ಅಳತೆ, ಅವನಿಗೆ ಒಂದು ಅಳತೆ ಎಂದು ಎರಡು ಸೇರುಗಳನ್ನು ಇಟ್ಟುಕೊಂಡ ಅಂಗಡಿಗೆ ನೀವು ಹೋಗುವಿರೋ?

ಹಾಗಾದರೆ ರೋಮಾಪುರವು ಯಾವ ಕಾರಣವೂ ಇಲ್ಲದೆ ಬಿತ್ತೋ? ಹಾಗೂ ಅಲ್ಲ. ಮಳೆಗಾಲದಲ್ಲಿ ನಮ್ಮ ಗದ್ದೆಯ ಬದು ಒಡೆದಾಗ, ರಾತ್ರಿಯ ದೊಡ್ಡ ಮಳೆಯಿಂದ ಒಡೆಯಿತೆಂದು ನಾವು ಹೇಳುವೆವು. ಬೇಸಾಯಗಾರನು ಹೋಗಿ ನೋಡಿದರೆ, ಒಡೆದ ಸ್ಥಳದಲ್ಲಿ ಏಡಿ ತೋಡಿದ ಬಿಲವು ಸಿಕ್ಕುವದು. ಮಳೆಯು ಎಲ್ಲಾ ಬದುಗಳ ಮೇಲೂ ಬಿದ್ದಿತ್ತು, ಒಡೆದದ್ದು ಬಿಲವಿದ್ದ ಬದುವೇ. ರೋಮಾಯರ ಬದುವಿನಲ್ಲಿಯೂ ಅಂಥ ಬಿಲಗಳು ಬಹಳ ಕಾಲದಿಂದ ಇದ್ದವು.

ಒಂದನೆಯದು, ಒಳಜಗಳ. 235 ರಿಂದ 284 ರ ವರೆಗೆ, ಐವತ್ತು ವರುಷಗಳು ತುಂಬುವದರೊಳಗೆ, ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಕೈಸರರಾದರು. ಅವರಲ್ಲಿ ಹೆಚ್ಚಿನವರು ಕೊಲೆಯಿಂದಾಗಲಿ ಯುದ್ಧದಿಂದಾಗಲಿ ಸತ್ತರು. ಗಡಿಯನ್ನು ಕಾಯಬೇಕಾದ ದಂಡುಗಳು ಗಡಿಯನ್ನು ಬಿಟ್ಟು ಪಟ್ಟಕ್ಕಾಗಿ ಒಂದರ ಮೇಲೊಂದು ಬಿದ್ದವು. ಎರಡನೆಯದು, ಅಪ್ರಾಮಾಣಿಕತೆ. ಔಗುಸ್ತನ ಕಾಲದ ಬೆಳ್ಳಿಯ ನಾಣ್ಯವು ಹೆಚ್ಚು ಕಡಿಮೆ ಶುದ್ಧ ಬೆಳ್ಳಿಯಾಗಿತ್ತು. 270 ರ ಸುಮಾರಿಗೆ ಬೆಳ್ಳಿಯೆಂದು ಕೊಡಲ್ಪಟ್ಟ ನಾಣ್ಯದಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ಅರಸನೇ ಕಳ್ಳ ನಾಣ್ಯ ಹೊಡೆದರೆ ಬಡವನು ಯಾರಿಗೆ ಮೊರೆಯಿಡುವನು? ಬೆಲೆಗಳು ಏರಿದವು, ತೆರಿಗೆಯ ಭಾರವು ಒಕ್ಕಲಿನವನ ಬೆನ್ನಿನ ಮೇಲೆ ಬಿತ್ತು, ಅನೇಕರು ದೊಡ್ಡ ಜಮೀನುದಾರರ ಆಶ್ರಯಕ್ಕೆ ಓಡಿ ತಮ್ಮ ಸ್ವಾತಂತ್ರ್ಯವನ್ನೇ ಕಳೆದುಕೊಂಡರು.

ಮೂರನೆಯದನ್ನು ಹೇಳುವಾಗ ನಮ್ಮ ಮನಸ್ಸು ನೋಯುತ್ತದೆ. 376 ರಲ್ಲಿ ಗೊಥರು ಹೂಣರಿಗೆ ಹೆದರಿ, ಹೆಂಡರು ಮಕ್ಕಳ ಸಂಗಡ ದಾನೂಬ ನದಿಯ ತೀರಕ್ಕೆ ಬಂದು, ರಾಜ್ಯದೊಳಗೆ ಆಶ್ರಯ ಕೊಡಬೇಕೆಂದು ಬೇಡಿದರು. ಕೈಸರ ವಾಲೆನ್ಸನು ಒಪ್ಪಿದನು. ಆದರೆ ಅವರನ್ನು ಸಾಕಬೇಕಾದ ಅಧಿಕಾರಿಗಳು ಧಾನ್ಯವನ್ನು ಅಡಗಿಸಿ, ಹಸಿದವರಿಗೆ ನಾಯಿಯ ಮಾಂಸವನ್ನು ಮಾರಿದರು. ಕ್ರಯವೇನು? ಒಂದು ನಾಯಿಗೆ ಒಬ್ಬ ಮನುಷ್ಯನನ್ನು ದಾಸನಾಗಿ ಕೊಡಬೇಕಾಗಿತ್ತು. ಗೊಥರ ಮುಖ್ಯಸ್ಥರ ಮಕ್ಕಳು ಸಹ ಹಾಗೆ ಹೋದರೆಂದು ಆ ಕಾಲದ ರೋಮಾಯ ಚರಿತ್ರೆಕಾರನಾದ ಅಮ್ಮಿಯಾನನು ಬರೆದಿದ್ದಾನೆ. ಎರಡು ವರುಷಗಳ ಮೇಲೆ, ಅಂದರೆ 378 ರಲ್ಲಿ, ಆ ಗೊಥರೇ ಅದ್ರಿಯಾನೋಪಲಿ ಎಂಬಲ್ಲಿ ರೋಮಾಯರ ದಂಡನ್ನು ನಾಶಮಾಡಿ ವಾಲೆನ್ಸನನ್ನೂ ಕೊಂದರು. ಪಶ್ಚಿಮ ರಾಜ್ಯದ ಕಡೆಯ ಕೈಸರನು 476 ರಲ್ಲಿ ಪಟ್ಟದಿಂದ ಇಳಿಸಲ್ಪಟ್ಟಾಗ, ಬಿಲವಾಗಿ ನೂರು ವರುಷಗಳಾಗಿದ್ದವು. ಸಾಲಕ್ಕೆ ಮಗನನ್ನು ಜೀತಕ್ಕೆ ಇಟ್ಟ ತಾತಂದಿರ ಕಥೆಗಳನ್ನು ಕೇಳಿ ಬೆಳೆದ ನಮ್ಮವರಿಗೆ, ನಾಯಿಗೆ ಬದಲಾಗಿ ಮಗುವನ್ನು ಕೊಟ್ಟವರ ದುಃಖವನ್ನು ವಿವರಿಸಬೇಕೇ?

ಇನ್ನು ನಮ್ಮ ದೇಶದ ಸಂಗತಿಗೆ ಬರೋಣ. ಹೊಯ್ಸಳರು ದೂರದವರಲ್ಲ, ನಮ್ಮ ಮಲೆಯವರೇ. ನಮ್ಮ ಹಾನುಬಾಳಿಗೆ ದೂರವಲ್ಲದ ಮೂಡಿಗೆರೆ ತಾಲೂಕಿನ ಅಂಗಡಿಯೇ ಅವರ ಮೂಲಸ್ಥಾನವಾದ ಸೊಸೆವೂರು. ಮಲೆಯ ನಾಯಕರನ್ನು ಗೆದ್ದು ಮಲೆಪರೊಳ್ಗಂಡರೆಂಬ ಬಿರುದನ್ನು ಅವರು ಹೊತ್ತರು. ಮಲೆಯಿಂದ ಇಳಿದು ಬೇಲೂರಿಗೂ ದೋರಸಮುದ್ರಕ್ಕೂ ಹೋದರು. ದೋರಸಮುದ್ರವೇ ಈಗಿನ ಹಳೇಬೀಡು. ವಿಷ್ಣುವರ್ಧನನು 1116 ರ ಸುಮಾರಿಗೆ ಚೋಳರಿಂದ ತಲಕಾಡನ್ನು ತೆಗೆದುಕೊಂಡು, 1117 ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಿಸಿದನು. ಎರಡನೆಯ ಬಲ್ಲಾಳನ ಕಾಲದಲ್ಲಿ, ಅಂದರೆ 1173 ರಿಂದ 1220 ರ ವರೆಗೆ, ಅವರ ರಾಜ್ಯವು ಸ್ವತಂತ್ರವಾಗಿ ಬಹು ದೂರ ಹಬ್ಬಿತು. ಆ ಶಿಲ್ಪಿಗಳ ಕೈಗೆಲಸವನ್ನು ಲೋಕವೆಲ್ಲಾ ಮೆಚ್ಚಿ, 2023 ರಲ್ಲಿ ಯುನೆಸ್ಕೊ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರ ಈ ಮೂರು ಸ್ಥಳಗಳ ದೇವಾಲಯಗಳನ್ನು ಲೋಕದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ನಾವು ಅಲ್ಲಿ ಪೂಜಿಸುವದಿಲ್ಲ. ಆದರೂ ಕಲ್ಲನ್ನು ಮೇಣದ ಹಾಗೆ ಕೆತ್ತಿದ ಆ ಕೈಗಳನ್ನು ಹಾಸ್ಯಮಾಡುವವನು ಕೆಲಸವೆಂದರೇನೆಂದು ಅರಿಯದವನು.

ಬಿಲವು ಎಲ್ಲಿ ಆರಂಭವಾಯಿತು? ಅರಸನಾದ ಸೋಮೇಶ್ವರನು ತಮಿಳು ಸೀಮೆಯ ಕಣ್ಣನೂರಿನಲ್ಲಿ ವಾಸಮಾಡುತ್ತಿದ್ದನು. 1254 ರ ಸುಮಾರಿಗೆ ರಾಜ್ಯವು ಅವನ ಇಬ್ಬರು ಮಕ್ಕಳಿಗೆ ಪಾಲಾಯಿತು. ಮೂರನೆಯ ನರಸಿಂಹನಿಗೆ ದೋರಸಮುದ್ರವೂ, ರಾಮನಾಥನಿಗೆ ದಕ್ಷಿಣದ ಪಾಲೂ ಬಂದವು. ಅವರು ಬೇರೆ ಬೇರೆ ತಾಯಂದಿರ ಮಕ್ಕಳು. ಪಾಲಾದ ಮೇಲೆಯೂ ಸಮಾಧಾನವಿರಲಿಲ್ಲ, ಅಣ್ಣತಮ್ಮಂದಿರು ಯುದ್ಧಮಾಡಿದರು. ನರಸಿಂಹನ ಮಗನಾದ ಮೂರನೆಯ ಬಲ್ಲಾಳನು 1292 ರಲ್ಲಿ ಪಟ್ಟಕ್ಕೆ ಬಂದು, ಕೆಲವು ವರುಷಗಳಲ್ಲಿ ಎರಡು ಪಾಲುಗಳನ್ನೂ ಒಂದುಮಾಡಿದನು. ಆದರೆ ಆ ನಡುವೆ ಕಳೆದುಹೋದ ನಾಲ್ವತ್ತು ವರುಷಗಳನ್ನು ಯಾರು ತಿರಿಗಿ ಕೊಡುವರು?

ಮನೆಯೊಳಗೆ ಹೇಗೋ ನೆರೆಹೊರೆಯಲ್ಲಿಯೂ ಹಾಗೆಯೇ ಇತ್ತು. ದೇವಗಿರಿಯ ಸೇವುಣರು, ಓರುಗಲ್ಲಿನ ಕಾಕತೀಯರು, ದೋರಸಮುದ್ರದ ಹೊಯ್ಸಳರು, ಮಧುರೆಯ ಪಾಂಡ್ಯರು, ಈ ನಾಲ್ಕು ಮನೆತನದವರು ನೂರು ವರುಷ ಒಬ್ಬರ ಗಡಿಯನ್ನೊಬ್ಬರು ಒತ್ತುತ್ತಿದ್ದರು. ದಿಲ್ಲಿಯ ದಂಡು 1296 ರಲ್ಲಿಯೇ ದೇವಗಿರಿಯನ್ನು ಸೂರೆಮಾಡಿತು. ಉಳಿದವರಿಗೆ ಬುದ್ಧಿ ಬರಲಿಲ್ಲ. 1310 ರಲ್ಲಿ ಪಾಂಡ್ಯರ ಮನೆಯಲ್ಲಿ ಅಣ್ಣತಮ್ಮಂದಿರ ಜಗಳ ಹುಟ್ಟಿದಾಗ, ಇದೇ ಸಮಯವೆಂದು ಬಲ್ಲಾಳನು ದಂಡು ಕಟ್ಟಿಕೊಂಡು ದಕ್ಷಿಣಕ್ಕೆ ನಡೆದನು. ಅವನು ನೆರೆಮನೆಯ ಉರಿಯಲ್ಲಿ ಕೈ ಕಾಸಿಕೊಳ್ಳುತ್ತಿದ್ದಾಗ, 1311 ರಲ್ಲಿ ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ಬಿದ್ದನು. ಆ ದಂಡಿಗೆ ಸಹಾಯಮಾಡಿದವರು ಯಾರು? ಹೊಯ್ಸಳರ ಹಳೆಯ ಹಗೆಗಳಾದ ದೇವಗಿರಿಯವರೇ. ಬಲ್ಲಾಳನು ಓಡಿ ಬಂದು ಶರಣಾಗಿ ಕಪ್ಪವನ್ನು ಕೊಟ್ಟನು. ಹೀಗೆ ಒಬ್ಬೊಬ್ಬನೂ ನೆರೆಯವನ ಕೇಡನ್ನು ತನ್ನ ಲಾಭವೆಂದು ಎಣಿಸುತ್ತಾ ಇದ್ದದ್ದರಿಂದ, ಮೂವತ್ತು ಚಿಲ್ಲರೆ ವರುಷಗಳಲ್ಲಿ ನಾಲ್ಕು ರಾಜಧಾನಿಗಳೂ ಬಿದ್ದವು.

ಇನ್ನೊಂದು ಸಂಗತಿ ಉಂಟು. 1327 ರ ಸುಮಾರಿಗೆ ದಿಲ್ಲಿಯ ಸುಲ್ತಾನನಾದ ಮುಹಮ್ಮದ್ ಬಿನ್ ತುಘಲಕನಿಗೆ ವಿರೋಧವಾಗಿ ಎದ್ದ ಅವನ ಬಂಧುವೊಬ್ಬನು ಸೋತು, ಕಂಪಿಲಿಯ ಅರಸನ ಮರೆಹೊಕ್ಕನು. ಈ ಕಂಪಿಲರಾಯನು ಕುಮಾರರಾಮನ ತಂದೆ. ಮರೆಹೊಕ್ಕವನನ್ನು ಒಪ್ಪಿಸೆಂದು ಸುಲ್ತಾನನು ಕೇಳಿದಾಗ ಕಂಪಿಲರಾಯನು ಒಪ್ಪಲಿಲ್ಲ. ಅತಿಥಿಯನ್ನು ಮತ್ತೊಬ್ಬ ಅರಸನ ಬಳಿಗೆ ಸುರಕ್ಷಿತವಾಗಿ ಕಳುಹಿಸಿ, ತಾನು ಹೋರಾಡಿ ಸತ್ತನು. ಆ ಮತ್ತೊಬ್ಬ ಅರಸನು ಹೆದರಿ, ಬಂದವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿಬಿಟ್ಟನು. ಸುಲ್ತಾನನು ಅವನ ಚರ್ಮ ಸುಲಿಸಿದನು. ಪ್ರಯಾಣಿಕನಾದ ಇಬ್ನ್ ಬತೂತನು ಇದನ್ನು ಬರೆದಿದ್ದಾನೆ. ಒಪ್ಪಿಸಿದವನು ನಮ್ಮ ಮೂರನೆಯ ಬಲ್ಲಾಳನೇ ಎಂದು ಚರಿತ್ರೆಕಾರರು ತಿಳಿಯುತ್ತಾರೆ. ಆ ಕಾಲದ ದಂಡಯಾತ್ರೆಯಲ್ಲಿಯೇ ದೋರಸಮುದ್ರವು ಎರಡನೆಯ ಸಾರಿ ಹಾಳಾಯಿತು. ಬಲ್ಲಾಳನು ತಿರುವಣ್ಣಾಮಲೆಗೆ ಹೋಗಿ, ಅಲ್ಲಿಂದ ಮತ್ತೂ ಹದಿನೈದು ವರುಷ ಆಳಿದನು.

ಅವನ ಅಂತ್ಯವೇನು? 1342 ರಲ್ಲಿ, ಸುಮಾರು ಎಂಭತ್ತು ವರುಷದ ಮುದುಕನಾದ ಅವನು, ಮಧುರೆಯ ಸುಲ್ತಾನನ ದಂಡು ಇದ್ದ ಕಣ್ಣನೂರು ಕೋಟೆಯನ್ನು ಮುತ್ತಿದನು. ಒಳಗಿನವರು ಸೋಲುವ ಸ್ಥಿತಿಗೆ ಬಂದು, ತಮ್ಮ ಸುಲ್ತಾನನನ್ನು ಕೇಳುವದಕ್ಕೆ ಸಮಯ ಬೇಡಿದರು. ಬಲ್ಲಾಳನು ಸಮಯ ಕೊಟ್ಟನು. ಅವನ ದಂಡು ಮಾತನ್ನು ನಂಬಿ ಮೈಮರೆತಿದ್ದಾಗ ಸುಲ್ತಾನನು ಹಠಾತ್ತಾಗಿ ಮೇಲೆ ಬಿದ್ದು, ಮುದುಕನನ್ನು ಸೆರೆಹಿಡಿದು ಕೊಲ್ಲಿಸಿ, ಅವನ ಚರ್ಮಕ್ಕೆ ಹುಲ್ಲು ತುಂಬಿಸಿ ಮಧುರೆಯ ಗೋಡೆಗೆ ತೂಗಹಾಕಿಸಿದನು. ಮರೆಹೊಕ್ಕವನನ್ನು ಒಪ್ಪಿಸಿದಾಗ ಅವನ ಪ್ರಾಣವು ಉಳಿಯಿತು. ಶತ್ರುವಿನ ಬೇಡಿಕೆಗೆ ದಯೆ ತೋರಿಸಿದಾಗ ಅವನ ಪ್ರಾಣವು ಹೋಯಿತು.

ಪ್ರಿಯರೇ, ಪಾಪಕ್ಕೆ ತಕ್ಕ ಕೇಡು, ಪುಣ್ಯಕ್ಕೆ ತಕ್ಕ ಜಯ ಎಂದು ಚರಿತ್ರೆಯನ್ನು ಲೆಕ್ಕದ ಪುಸ್ತಕದ ಹಾಗೆ ಓದುವವರು ಈ ಒಬ್ಬ ಅರಸನ ಲೆಕ್ಕವನ್ನಾದರೂ ಕೂಡಿಸಿ ತೋರಿಸಲಿ. ಅದು ಸರಿಬೀಳುವದಿಲ್ಲ. ಕಂಪಿಲರಾಯನು ನ್ಯಾಯವಾದದ್ದನ್ನು ಮಾಡಿ ಬಿದ್ದನು. ಬಿದ್ದನೆಂದು ಅವನು ದುಷ್ಟನೋ? ದೋರಸಮುದ್ರವು ಸೂರೆಯಾದಾಗ ಮೊದಲು ಹಸಿವನ್ನೂ ಕತ್ತಿಯನ್ನೂ ಕಂಡವರು ಕುಂಬಾರರು, ನೇಕಾರರು, ಊರ ಹೊರಗಿನವರು. ರಾಜ್ಯವನ್ನು ಪಾಲುಮಾಡಿದವರು ಅವರಲ್ಲ. ಸಿಲೋವದ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯ ವಿಷಯದಲ್ಲಿ ಕರ್ತನು ಏನು ಹೇಳಿದನೆಂಬದನ್ನು ನೀವೇ ತೆಗೆದು ಓದಿರಿ. ಬಿದ್ದವರು ಉಳಿದವರಿಗಿಂತ ಹೆಚ್ಚು ಪಾಪಿಗಳೆಂಬ ಎಣಿಕೆಯನ್ನು ಆತನು ಒಪ್ಪಲಿಲ್ಲ.

ಒಬ್ಬನು ಹೀಗೆ ಕೇಳಬಹುದು: "ಹಾಗಾದರೆ ಅಣ್ಣತಮ್ಮಂದಿರ ಜಗಳದಿಂದ ರಾಜ್ಯ ಕೆಟ್ಟಿತೆಂದು ನೀವೂ ಹೇಳಿದಿರಲ್ಲಾ, ಅದು ಶಿಕ್ಷೆಯ ಮಾತೇ ಅಲ್ಲವೇ?" ಅಲ್ಲ. ಕಾರಣವನ್ನು ಹುಡುಕುವದು ಬೇರೆ, ತೀರ್ಪು ಹೇಳುವದು ಬೇರೆ. ರೋಗಿಯ ನಾಡಿಯನ್ನು ಹಿಡಿದು, ಇಂಥ ನೀರಿನಿಂದ ಈ ಜ್ವರ ಬಂತೆಂದು ಹೇಳುವವನು ವೈದ್ಯನು. ಅವನು ಉಳಿದವರನ್ನು ಉಳಿಸುವದಕ್ಕಾಗಿ ಹೇಳುತ್ತಾನೆ. ಹಾಸಿಗೆಯ ಬಳಿ ನಿಂತು, ಇದು ನಿನಗೆ ತಕ್ಕದ್ದೇ ಎಂದು ಹೇಳುವವನು ನ್ಯಾಯಾಧಿಪತಿಯ ಪೀಠವನ್ನು ಕದ್ದವನು. ವೈದ್ಯನು ರೋಗದ ಕಾರಣವನ್ನು ತಿಳಿದು ತನ್ನ ಮನೆಯ ಬಾವಿಯನ್ನೂ ನೋಡಿಕೊಳ್ಳುವನು. ಪೀಠವನ್ನು ಕದ್ದವನು ತನ್ನ ಬಾವಿಯನ್ನು ಎಂದೂ ನೋಡುವದಿಲ್ಲ. ಬಿದ್ದವರ ಕಡೆಗೆ ಬೆರಳು ತೋರಿಸುವದರ ದೊಡ್ಡ ಕೇಡು ಇದೇ.

ಹೊಯ್ಸಳರು ಹೋದ ಮೇಲೆ ಏನಾಯಿತೆಂಬದನ್ನೂ ಕೇಳಿರಿ. ಸಂಗಮನ ಐದು ಮಂದಿ ಮಕ್ಕಳು ಜಗಳವಾಡದೆ ಕೂಡಿ ನಿಂತು ವಿಜಯನಗರವನ್ನು ಕಟ್ಟಿದರು. 1346 ರಲ್ಲಿ ಆ ಐವರೂ ನಮ್ಮ ಮಲೆನಾಡಿನ ಶೃಂಗೇರಿಯಲ್ಲಿ ಕೂಡಿಬಂದರೆಂದು ಶಾಸನವು ಹೇಳುತ್ತದೆ. ಅಣ್ಣತಮ್ಮಂದಿರು ಕೂಡಿದ್ದರಿಂದ ಎದ್ದ ಆ ರಾಜ್ಯವೂ 1565 ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ಮುರಿದುಬಿತ್ತು. ಸಕಲೇಶಪುರದ ಬಳಿಯಲ್ಲಿ ಮಂಜರಾಬಾದಿನ ನಕ್ಷತ್ರದಾಕಾರದ ಕೋಟೆಯನ್ನು ನೀವೆಲ್ಲರೂ ನೋಡಿದ್ದೀರಿ. ಟಿಪ್ಪು ಸುಲ್ತಾನನು ಅದನ್ನು 1792 ರಲ್ಲಿ ಕಟ್ಟಿಸಿದನು. ಏಳು ವರುಷಗಳ ಮೇಲೆ, 1799 ರಲ್ಲಿ, ಶ್ರೀರಂಗಪಟ್ಟಣದಲ್ಲಿ ಸತ್ತನು. ಅವನನ್ನು ಸೋಲಿಸಿದ ಇಂಗ್ಲಿಷರೂ 1947 ರಲ್ಲಿ ಗಂಟು ಕಟ್ಟಿಕೊಂಡು ಹೋದರು. ಕ್ರೈಸ್ತ ಅರಸರೆಂದು ನಮ್ಮ ಹಿರಿಯರಲ್ಲಿ ಕೆಲವರು ಅವರ ಆಳಿಕೆಯನ್ನು ಶಾಶ್ವತವೆಂದು ನೆನಸಿದ್ದುಂಟು. ಆಗಸ್ತೀನನನ್ನು ಓದಿದ್ದರೆ ಹಾಗೆ ನೆನಸುತ್ತಿರಲಿಲ್ಲ.

ಆದರೆ ಈ ವಿಚಾರವು ಅರಸರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಎಣಿಸಬೇಡಿರಿ. ನಮಗೆ ಆಳುವದಕ್ಕೆ ರಾಜ್ಯವಿಲ್ಲದಿದ್ದರೂ ಮನೆಯುಂಟು, ಸಭೆಯುಂಟು, ಊರುಂಟು. ತಂದೆ ಸತ್ತ ವರುಷ ತುಂಬುವದರೊಳಗೆ ಅರ್ಧ ಎಕರೆ ಗದ್ದೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಇಲ್ಲವೋ? ಅವರು ಬೇಲಿಗಾಗಿ ಜಗಳವಾಡುತ್ತಿರುವ ರಾತ್ರಿ ಕಾಡುಹಂದಿಯು ಇಬ್ಬರ ಪೈರನ್ನೂ ಮೇದುಹೋಗುವದು. ಒಬ್ಬ ಸಭೆಯವನಿಗೆ ಕಷ್ಟ ಬಂದಾಗ, ಆಗಲಿ, ಅವನ ಸೊಕ್ಕು ಇಳಿಯಲಿ ಎಂದು ಮನಸ್ಸಿನಲ್ಲಿ ಸಂತೋಷಪಟ್ಟವರು ಇಲ್ಲವೋ? ಕೂಲಿಗೆ ಬಂದ ಪರಸ್ಥಳದ ಬಡವರಿಗೆ ಅಳತೆಯಲ್ಲಿ ಕಡಿಮೆ ಕೊಟ್ಟು, ಅವರು ಪರದೇಶಿಗಳು, ಯಾರು ಕೇಳುವರು ಎಂದವರು ಇಲ್ಲವೋ? ದೋರಸಮುದ್ರದ ಬಿಲವೂ ದಾನೂಬ ತೀರದ ಬಿಲವೂ ನಮ್ಮ ಬದುವಿನಲ್ಲಿಯೇ ಇರುವದಾದರೆ, ನಾವು ಹಳೇಬೀಡನ್ನು ನೋಡಿ ಬಂದು ಯಾರ ಮೇಲೆ ತೀರ್ಪು ಹೇಳೋಣ?

ಹಳೇಬೀಡಿನಲ್ಲಿ ಇನ್ನೊಂದು ವಸ್ತುವನ್ನು ನಮ್ಮ ಯೌವನಸ್ಥರು ನೋಡಿಯೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಅದು ಅಲ್ಲಿಯ ಕೆರೆ. ಪಟ್ಟಣಕ್ಕೆ ಸಮುದ್ರವೆಂಬ ಹೆಸರು ಆ ಕೆರೆಯಿಂದಲೇ ಬಂತು. ಅರಮನೆಯು ಹೋಯಿತು, ಸಿಂಹಾಸನವು ಹೋಯಿತು, ದಂಡು ಹೋಯಿತು, ಕೆರೆಯು ಇದೆ. ಅದರ ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲೆಯೂ ಇಲ್ಲ. ನಮ್ಮಂಥವರ ಪೂರ್ವಿಕರು ಅವರಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ರಾಜ್ಯವು ಬಿದ್ದರೂ, ನೆರೆಯವನ ದಾಹಕ್ಕಾಗಿ ಮಾಡಿದ ಕೆಲಸವು ಅದರ ಸಂಗಡ ಬೀಳಲಿಲ್ಲ.

ಮಾರನೆಯ ದಿನ ನಾವು ಆ ಹುಡುಗನನ್ನು ಕರೆದುಕೊಂಡು ಗೌಡರ ಮನೆಗೆ ಹೋದೆವು. ತಪ್ಪು ಹುಡುಗನದಲ್ಲ, ಕಲಿಸಿದ ನಮ್ಮದು ಎಂದು ಹೇಳಿ, ರೋಮಾಪುರದ ಸಂಗತಿಯನ್ನು ಅವರಿಗೆ ತಿಳಿಸಿದೆವು. ಅವರು ಸುಮ್ಮನೆ ಕೇಳಿ, ಮನೆಯೊಳಗಿನಿಂದ ಕಾಫಿ ತರಿಸಿ ಕೊಟ್ಟು, "ಅಯ್ಯನವರೇ, ನಿಮ್ಮ ಊರೂ ಬಿದ್ದಿತ್ತು ಅನ್ನೋದು ನನಗೆ ಗೊತ್ತಿರಲಿಲ್ಲ" ಎಂದು ಮಾತ್ರ ಹೇಳಿದರು. ಅನಂತರ ಗದ್ದೆಯ ಬದುವನ್ನು ಮಳೆಗೆ ಮುಂಚೆ ಕಟ್ಟಬೇಕೆಂದೂ, ನಮ್ಮ ಕಡೆಯ ಹುಡುಗರು ಒಂದು ದಿನ ಕೈಕೊಟ್ಟರೆ ಇಬ್ಬರ ಬದುವೂ ಆಗುವದೆಂದೂ ಮಾತಾಯಿತು. ಬರುವ ಮಳೆಗಾಲಕ್ಕೆ ಮುಂಚೆ, ವಾಚಕರೇ, ನಿಮ್ಮ ನಿಮ್ಮ ಬದುಗಳನ್ನೂ ನೋಡಿಕೊಳ್ಳಿರಿ.